ದೈವಪುತ್ರ: ಔರಸನೋ, ದತ್ತಕನೋ?

ಕ್ರಿಸ್ತಶಕ ಎರಡನೆಯ ಶತಮಾನ ಮುಗಿಯುತ್ತ ಬಂದಿದ್ದಾಗ, ಎಂದರೆ ಸುಮಾರು 190ರ ವೇಳೆಗೆ, ಬೈಜಾಂಟಿಯಮ್ ಪಟ್ಟಣದಿಂದ ರೋಮಾಪುರಕ್ಕೆ ಥಿಯೊಡೋಟಸ್ ಎಂಬುವನೊಬ್ಬನು ಬಂದು ನೆಲಸಿದನು. ಅವನ ಕಸುಬು ಚರ್ಮದ ಕೆಲಸ. ತೊಗಲನ್ನು ಹದಮಾಡುತ್ತಿದ್ದನೆಂದು ಕೆಲವರೂ ಕೆರ ಹೊಲಿಯುತ್ತಿದ್ದನೆಂದು ಕೆಲವರೂ ಹೇಳುತ್ತಾರೆ. ವಿರೋಧಿಗಳಂತೂ ಅವನ ಹೆಸರನ್ನು ಎತ್ತಿದಾಗಲೆಲ್ಲ ಆ ಕಸುಬನ್ನು ಜೊತೆಗೆ ಸೇರಿಸಿಯೇ ಹೇಳಿದರು. ವಾದದಲ್ಲಿ ಎದುರಾಳಿಯ ಹೊಟ್ಟೆಪಾಡನ್ನು ಎತ್ತಿ ಆಡುವ ಜಾಣತನ ಎಲ್ಲ ದೇಶದ ಪಂಡಿತರಿಗೂ ಇದ್ದದ್ದೇ. ಆದರೆ ಅದೇ ವಿರೋಧಿಗಳು, ಈ ಮನುಷ್ಯನು ವಿದ್ಯಾವಂತನೆಂಬುದನ್ನು ಮಾತ್ರ ಅಲ್ಲಗಳೆಯಲಾರದೆ ಹೋದರು.

ಅವನು ಕಲಿಸುತ್ತಿದ್ದುದು ಇಷ್ಟು. ಯೇಸುವು ದೈವಸಂಕಲ್ಪದಂತೆ ಕನ್ಯೆಯ ಗರ್ಭದಲ್ಲಿ ಹುಟ್ಟಿದನೆಂಬುದು ನಿಜ. ಹಾಗಿದ್ದರೂ ಆತನು ಹುಟ್ಟಿನಿಂದ ಮನುಷ್ಯನೇ, ಉಳಿದ ಮನುಷ್ಯರಂತೆಯೇ ಬೆಳೆದವನು, ಧರ್ಮನಿಷ್ಠೆಯಲ್ಲಿ ಮಾತ್ರ ಎಲ್ಲರನ್ನೂ ಮೀರಿದವನು. ಆ ನಿಷ್ಠೆಯು ಪರಿಪಕ್ವವಾದ ಕಾಲದಲ್ಲಿ, ಯೊರ್ದನ್ ಹೊಳೆಯಲ್ಲಿ ಸ್ನಾನಿಕನಾದ ಯೋಹಾನನಿಂದ ದೀಕ್ಷಾಸ್ನಾನವನ್ನು ಹೊಂದಿದ ಕ್ಷಣದಲ್ಲಿ, ಮೇಲಿನಿಂದ ದಿವ್ಯಶಕ್ತಿಯು ಪಾರಿವಾಳದ ರೂಪದಲ್ಲಿ ಅವನ ಮೇಲೆ ಇಳಿಯಿತು. ಅದುವರೆಗೆ ಅವನಿಂದ ಯಾವ ಅದ್ಭುತವೂ ನಡೆಯದೆ ಇದ್ದುದಕ್ಕೆ ಕಾರಣವೂ ಇದೇ. ಆ ಮೇಲಾದರೂ ಅವನನ್ನು ದೇವರೆನ್ನಬಹುದೆ ಎಂದು ಕೇಳಿದರೆ ಶಿಷ್ಯರಲ್ಲಿಯೇ ಒಮ್ಮತವಿರಲಿಲ್ಲ: ಎಂದೂ ಅನ್ನಕೂಡದೆಂದು ಕೆಲವರು, ಪುನರುತ್ಥಾನವಾದ ಬಳಿಕ ಅನ್ನಬಹುದೆಂದು ಕೆಲವರು. ರೋಮಿನ ಬಿಷಪನಾದ ವಿಕ್ಟರನು ಇದನ್ನೆಲ್ಲ ಕೇಳಿ ಥಿಯೊಡೋಟಸನಿಗೆ ಬಹಿಷ್ಕಾರ ಹಾಕಿದನು.

ಚರಿತ್ರಕಾರರು ಈ ಮತಕ್ಕೆ ಇಟ್ಟಿರುವ ಹೆಸರನ್ನು ನಾವು ದತ್ತಪುತ್ರವಾದವೆಂದು ಕರೆಯಬಹುದು. ಹೊಟ್ಟೆಯಲ್ಲಿ ಹುಟ್ಟಿದ ಔರಸನಿಗೂ ಸಂಕಲ್ಪಪೂರ್ವಕವಾಗಿ ಮಡಿಲಿಗೆ ತೆಗೆದುಕೊಂಡ ದತ್ತಕನಿಗೂ ಇರುವ ಭೇದಾಭೇದಗಳನ್ನು ಧರ್ಮಶಾಸ್ತ್ರಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ತಲೆಮಾರುಗಳಿಂದ ಚರ್ಚಿಸುತ್ತ ಬಂದಿರುವ ನಮ್ಮ ಓದುಗರಿಗೆ ಪ್ರಶ್ನೆಯ ತಿರುಳನ್ನು ಬಿಡಿಸಿ ಹೇಳಬೇಕಾದುದಿಲ್ಲ. ದತ್ತಕನಿಗೆ ಆಸ್ತಿಯುಂಟು, ಗೋತ್ರವುಂಟು, ಪಿಂಡಪ್ರದಾನದ ಅಧಿಕಾರವುಂಟು. ಆದರೆ ಅವನು ಮಗನಾದದ್ದು ಒಂದು ದಿನ, ಆ ದಿನಕ್ಕೆ ಹಿಂದೆ ಅವನು ಮಗನಲ್ಲ. ಯೇಸುವಿನ ವಿಷಯದಲ್ಲಿ ಅಂಥ ಒಂದು ದಿನವುಂಟೇ? ಆರು ನೂರು ವರ್ಷಗಳಿಗೂ ಮೇಲ್ಪಟ್ಟು ಮತ್ತೆ ಮತ್ತೆ ಹೊತ್ತಿಕೊಂಡ ವಿವಾದವೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಇದು ಧರ್ಮಸಭೆಯ ಹೊರಗಿನಿಂದ ಯಾರೋ ತಂದು ಒಳಗೆ ಎಸೆದ ಕುಚೋದ್ಯವಲ್ಲವೆಂಬುದನ್ನು ಮೊದಲು ಮನಗಾಣಬೇಕು. ಸುವಾರ್ತೆಗಳಲ್ಲಿ ಅತ್ಯಂತ ಹಳೆಯದೆಂದು ಬಹುಮಂದಿ ವಿದ್ವಾಂಸರು ಒಪ್ಪಿರುವ ಮಾರ್ಕನ ಗ್ರಂಥವನ್ನು ತೆರೆದು ನೋಡಿ: ಅಲ್ಲಿ ಬೆತ್ಲೆಹೇಮಿಲ್ಲ, ಗೋದಲಿಯಿಲ್ಲ, ಜೋಯಿಸರಿಲ್ಲ, ಜನನದ ಪ್ರಸ್ತಾಪವೇ ಇಲ್ಲ, ಕಥೆಯು ಹೊಳೆಯ ದಡದಲ್ಲಿ ಆರಂಭವಾಗುತ್ತದೆ, ಆಕಾಶವು ತೆರೆಯುತ್ತದೆ, ಮೇಲಿನಿಂದ ಬಂದ ಧ್ವನಿಯು ಯೇಸುವನ್ನು ಮಗನೆಂದು ಕರೆಯುತ್ತದೆ. ಬೇರೆ ಯಾವ ಗ್ರಂಥವನ್ನೂ ಓದದೆ ಇದೊಂದನ್ನೇ ಓದಿದವನು, ಮಗನಾದದ್ದು ಆ ಕ್ಷಣದಲ್ಲಿ ಎಂದುಕೊಂಡರೆ ಅವನನ್ನು ಕುತರ್ಕಿಯೆನ್ನಲಾಗದು. ಇನ್ನು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಸಾಲುಗಳಲ್ಲಿಯೇ, ದಾವೀದನ ವಂಶದಲ್ಲಿ ಹುಟ್ಟಿದವನು ಪುನರುತ್ಥಾನದ ಮೂಲಕ ಬಲಸಹಿತನಾದ ದೇವಪುತ್ರನೆಂದು ನಿರ್ಣಯಿಸಲ್ಪಟ್ಟನೆಂಬ ಅರ್ಥದ ಒಂದು ವಾಕ್ಯವಿದೆ. ಅದು ಪೌಲನಿಗೂ ಹಿಂದಿನ ಒಂದು ನಂಬಿಕೆಯ ಸೂತ್ರವೆಂದು ವಿಮರ್ಶಕರು ಊಹಿಸುತ್ತಾರೆ. ಅಪೊಸ್ತಲರ ಕೃತ್ಯಗಳೆಂಬ ಗ್ರಂಥದಲ್ಲಿಯೂ ಅದೇ ಪೌಲನ ಬಾಯಲ್ಲಿ ಬರುವ ಒಂದು ಉಪನ್ಯಾಸವು ಎರಡನೆಯ ಕೀರ್ತನೆಯನ್ನು ಪುನರುತ್ಥಾನಕ್ಕೆ ಅನ್ವಯಿಸುತ್ತದೆ. ಆ ಕೀರ್ತನೆಯು ಅರಸನ ಪಟ್ಟಾಭಿಷೇಕಕ್ಕೆ ಸಂಬಂಧಿಸಿದ್ದು; ಸಿಂಹಾಸನವನ್ನೇರುವವನನ್ನು ದೇವರು ತನ್ನ ಮಗನೆಂದು ಸಾರಿ, ಅಂದೇ ಅವನನ್ನು ತಾನು ಪಡೆದುದಾಗಿ ಹೇಳುವ ಸನ್ನಿವೇಶ ಅದರಲ್ಲಿದೆ.

ಈ ಕೀರ್ತನೆಯ ಮಾತು ಮತ್ತೊಂದು ಅನಿರೀಕ್ಷಿತ ಸ್ಥಳದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ ಕೋಡೆಕ್ಸ್ ಬೇಜಾ ಎಂಬ ಹಳೆಯ ಹಸ್ತಪ್ರತಿಯೊಂದಿದೆ. ಸುಮಾರು 400ನೆಯ ಇಸವಿಯಲ್ಲಿ ಬರೆದದ್ದು. ಎಡದ ಪುಟದಲ್ಲಿ ಗ್ರೀಕ್, ಎದುರಿಗೆ ಬಲದ ಪುಟದಲ್ಲಿ ಲ್ಯಾಟಿನ್. ಲಿಯೋನ್ ಪಟ್ಟಣದ ಸಂತ ಐರೇನಿಯಸನ ಮಠದಲ್ಲಿದ್ದ ಈ ಪ್ರತಿಯು 1562ರ ಗಲಭೆಗಳಲ್ಲಿ ಅಲ್ಲಿಂದ ಹೊರಬಿದ್ದು, ಜಿನೀವಾದ ಥಿಯೊಡೋರ್ ಬೇಜಾ ಎಂಬ ಪಂಡಿತನ ಕೈಸೇರಿ, ಅವನಿಂದ 1581ರಲ್ಲಿ ಕೇಂಬ್ರಿಜ್ಜಿಗೆ ದಾನವಾಗಿ ಬಂತು. ಇದರಲ್ಲಿ ಲೂಕನ ಸುವಾರ್ತೆಯ ದೀಕ್ಷಾಸ್ನಾನದ ಪ್ರಸಂಗವನ್ನು ಓದಿದರೆ, ಆಕಾಶವಾಣಿಯು ಉಳಿದ ಪ್ರತಿಗಳಲ್ಲಿರುವಂತೆ ಪ್ರಿಯಪುತ್ರನನ್ನು ಮೆಚ್ಚಿರುವುದಾಗಿ ಹೇಳುವುದಿಲ್ಲ. ಎರಡನೆಯ ಕೀರ್ತನೆಯ ಮಾತನ್ನೇ ಎತ್ತಿಕೊಂಡು, ಅಂದೇ ಅವನನ್ನು ಪಡೆದುದಾಗಿ ಹೇಳುತ್ತದೆ. ಇದೊಂದು ಪ್ರತಿಯ ಕೈತಪ್ಪೆಂದು ತಳ್ಳಿಹಾಕುವಂತಿಲ್ಲ: ಎರಡನೆಯ ಶತಮಾನದ ಕ್ರೈಸ್ತ ಲೇಖಕನಾದ ಜಸ್ಟಿನನು ಈ ಪಾಠವನ್ನು ಬಲ್ಲನು, ಆಗಸ್ಟೀನನೂ ಬಲ್ಲನು. ಮೂಲಪಾಠವೇ ಇದು, ದತ್ತಪುತ್ರವಾದಿಗಳಿಗೆ ಆಸರೆಯಾಗುತ್ತದೆಂಬ ಭೀತಿಯಿಂದ ಲಿಪಿಕಾರರು ಮುಂದೆ ಅದನ್ನು ಬದಲಿಸಿದರು, ಎಂಬ ವಾದವನ್ನು ಬಾರ್ಟ್ ಎರ್ಮನ್ ಎಂಬ ಅಮೆರಿಕದ ವಿದ್ವಾಂಸರು 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಹು ಸಮರ್ಥವಾಗಿ ಮಂಡಿಸಿದ್ದಾರೆ. ಎಲ್ಲರೂ ಒಪ್ಪಿಲ್ಲ, ಕೀರ್ತನೆ ಬಾಯಿಪಾಠವಾಗಿದ್ದ ಲಿಪಿಕಾರನ ಲೇಖನಿಯಿಂದ ಅದು ತಾನಾಗಿ ಇಳಿದಿರಲೂಬಹುದು. ಥಿಯೊಡೋಟಸನ ಕಡೆಯವರು ತಮಗೆ ಬೇಕಾದಂತೆ ಶಾಸ್ತ್ರಗ್ರಂಥಗಳನ್ನು ತಿದ್ದುತ್ತಿದ್ದರೆಂದೂ, ಒಬ್ಬೊಬ್ಬ ಶಿಷ್ಯನ ಪ್ರತಿಯೂ ಒಂದೊಂದು ಬಗೆಯಾಗಿತ್ತೆಂದೂ ಅವರ ಪ್ರತಿಕಕ್ಷಿಯೊಬ್ಬನು ಆಕ್ಷೇಪಿಸಿರುವುದನ್ನು ನೆನೆದರೆ, ತಿದ್ದುವ ಕೈಗಳು ಎರಡು ಕಡೆಯಲ್ಲಿಯೂ ಇದ್ದುವೆಂದೇ ತೋರುತ್ತದೆ.

ಇನ್ನೊಂದು ವಿಷಯ. ದತ್ತುಮಗನೆಂದರೆ ಎರಡನೆಯ ದರ್ಜೆಯ ಮಗನೆಂಬ ಭಾವನೆಯು ಮುಂದಿನ ದೇವಶಾಸ್ತ್ರಜ್ಞರದೇ ಹೊರತು ಆ ಕಾಲದ ರೋಮನರದಲ್ಲ. ಜೂಲಿಯಸ್ ಸೀಸರನು ಮರಣಶಾಸನದ ಮೂಲಕ ದತ್ತು ತೆಗೆದುಕೊಂಡವನು ಆಗಸ್ಟಸ್. ತನ್ನನ್ನು ದೇವನೊಬ್ಬನ ಪುತ್ರನೆಂದು ಅವನು ನಾಣ್ಯಗಳ ಮೇಲೆ ಅಚ್ಚುಹಾಕಿಸಿದ್ದು ಆ ದತ್ತಕದ ಬಲದಿಂದಲೇ. ಆಗಸ್ಟಸನಿಗೆ ಟೈಬೀರಿಯಸ್, ನರ್ವನಿಗೆ ಟ್ರಾಜನ್, ಹೇಡ್ರಿಯನ್ನನಿಗೆ ಆಂಟೊನೈನಸ್ ಪಯಸ್, ಅವನಿಗೆ ಮಾರ್ಕಸ್ ಔರೇಲಿಯಸ್, ಇವರೆಲ್ಲರೂ ದತ್ತಕಪುತ್ರರು, ಯೋಗ್ಯತೆಯನ್ನು ನೋಡಿ ಆರಿಸಿಕೊಂಡವರು. ಆ ಸರಪಣಿಯನ್ನು ಮುರಿದು ಹೊಟ್ಟೆಯ ಮಗನಿಗೆ ಸಾಮ್ರಾಜ್ಯವನ್ನು ಒಪ್ಪಿಸಿದವನು ಮಾರ್ಕಸ್ ಔರೇಲಿಯಸ್. ಆ ಔರಸನೇ ಕಮೋಡಸ್, ಅಖಾಡದಲ್ಲಿ ಕತ್ತಿಮಲ್ಲರೊಡನೆ ಕಾದಾಡುತ್ತ ರಾಜ್ಯವನ್ನು ಹಾಳುಮಾಡಿದವನು. ಥಿಯೊಡೋಟಸನು ರೋಮಿನಲ್ಲಿ ಬೋಧಿಸುತ್ತಿದ್ದಾಗ ಆಳುತ್ತಿದ್ದವನು ಈತನೇ. ಇದು ಕಾಕತಾಳೀಯವೇ ಇರಬಹುದು. ಆದರೂ ಆಗಿನ ರೋಮಿನ ಬೀದಿಯಲ್ಲಿ, ದೇವರು ಒಬ್ಬ ಯೋಗ್ಯನನ್ನು ಮಗನಾಗಿ ಆರಿಸಿಕೊಂಡನೆಂದು ಹೇಳಿದವನ ಮಾತು ಕೇಳುಗರ ಕಿವಿಗೆ ಅವಮಾನವೆಂದು ಬಿದ್ದಿರಲಾರದು.

ಈ ಪಂಗಡದವರ ಮನೋಧರ್ಮವನ್ನು ತಿಳಿಯಲು ನಮಗಿರುವ ಮುಖ್ಯ ಆಧಾರವು, ಅವರನ್ನು ಖಂಡಿಸಿ ಹೆಸರು ತಿಳಿಸದ ಲೇಖಕನೊಬ್ಬನು ಬರೆದ ಗ್ರಂಥದ ತುಣುಕುಗಳು. ಚರಿತ್ರಕಾರ ಯೂಸೇಬಿಯಸನು ಅವನ್ನು ತನ್ನ ಧರ್ಮಸಭೆಯ ಇತಿಹಾಸದ ಐದನೆಯ ಪುಸ್ತಕದಲ್ಲಿ ಉಳಿಸಿಕೊಟ್ಟಿದ್ದಾನೆ. ಯೂಕ್ಲಿಡನ ರೇಖಾಗಣಿತದಲ್ಲಿ ಪರಿಶ್ರಮ, ಅರಿಸ್ಟಾಟಲನಲ್ಲಿಯೂ ಥಿಯೊಫ್ರಾಸ್ಟಸನಲ್ಲಿಯೂ ಆದರ, ವೈದ್ಯನಾದ ಗೇಲೆನನ ಮೇಲಂತೂ ಪೂಜೆಯೇ. ಶಾಸ್ತ್ರವಚನವೊಂದನ್ನು ಮುಂದಿಟ್ಟರೆ ಅದು ಯಾವ ಬಗೆಯ ಅನುಮಾನವಾಕ್ಯವೆಂದು ವಿಚಾರಿಸತೊಡಗುವವರು. ಹೀಗೆ ಅವರ ಮೇಲೆ ಆರೋಪ. ಆರೋಪವಾಗಿ ಬರೆದ ಈ ಸಾಲುಗಳನ್ನು ಇಂದು ಓದುವವನಿಗೆ ಅವು ಪ್ರಶಸ್ತಿಪತ್ರದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಅದೇ ಲೇಖಕನು ಹೇಳುವ ನಟಾಲಿಯಸನ ಕಥೆಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ನಂಬಿಕೆಗಾಗಿ ಹಿಂಸೆಯನ್ನನುಭವಿಸಿ ಜನರ ಗೌರವಕ್ಕೆ ಪಾತ್ರನಾಗಿದ್ದ ಈ ನಟಾಲಿಯಸನನ್ನು ಥಿಯೊಡೋಟಸನ ಶಿಷ್ಯರಿಬ್ಬರು ಒಲಿಸಿಕೊಂಡರು. ಅವರಲ್ಲೊಬ್ಬನು ಅಸ್ಕ್ಲೆಪಿಯೊಡೋಟಸ್, ಇನ್ನೊಬ್ಬನ ಹೆಸರೂ ಥಿಯೊಡೋಟಸನೆಂದೇ, ಕಸುಬು ಮಾತ್ರ ಹಣದ ಲೇವಾದೇವಿ. ತಮ್ಮ ಪಂಗಡಕ್ಕೆ ಬಿಷಪನಾಗಿರಬೇಕು, ತಿಂಗಳಿಗೆ 150 ದಿನಾರಿಗಳ ಸಂಬಳ, ಎಂದು ಕರಾರಾಯಿತು. ಆ ಮೇಲೆ ನಟಾಲಿಯಸನಿಗೆ ಕನಸುಗಳಲ್ಲಿ ಎಚ್ಚರಿಕೆಗಳು ಬಂದುವು. ಪದವಿಯ ಮೇಲಣ ಆಸೆ ಒಂದು ಕಡೆ, ಸಂಬಳದ ಮೇಲಣ ಆಸೆ ಇನ್ನೊಂದು ಕಡೆ, ಅವನು ಲಕ್ಷ್ಯಮಾಡಲಿಲ್ಲ. ಕೊನೆಗೊಂದು ರಾತ್ರಿ ದೇವದೂತರೇ ಬಂದು ಬೆಳಗಾಗುವವರೆಗೆ ಅವನನ್ನು ಚಾವಟಿಯಿಂದ ಥಳಿಸಿದರಂತೆ. ಬೆಳಗ್ಗೆ ಅವನು ಗೋಣೀತಟ್ಟನ್ನುಟ್ಟು, ಬೂದಿ ಬಳಿದುಕೊಂಡು, ವಿಕ್ಟರನ ಉತ್ತರಾಧಿಕಾರಿಯಾದ ಜೆಫಿರೈನಸನ ಕಾಲಿಗೆ ಬಿದ್ದು, ಪಾದ್ರಿಗಳ ಕಾಲಿಗೂ ಸಾಮಾನ್ಯರ ಕಾಲಿಗೂ ಬಿದ್ದು, ಮೈಮೇಲಿನ ಬಾಸುಂಡೆಗಳನ್ನು ತೋರಿಸಿ ಅತ್ತನು. ಅವನನ್ನು ಮರಳಿ ಸೇರಿಸಿಕೊಂಡದ್ದು ಬಹಳ ಕಷ್ಟದಿಂದ. ಥಳಿಸಿದವರು ದೇವದೂತರೇ ಹೌದೋ ಎಂಬ ಸಂದೇಹ ಓದುಗರಿಗೆ ಬಂದರೆ, ಬಂದವರಲ್ಲಿ ಅವರು ಮೊದಲಿಗರಲ್ಲ.

ಈ ವಾದಿಗಳು ಹೂಡಿದ ಅತ್ಯಂತ ಪ್ರಬಲವಾದ ಬಾಣವು ಚರಿತ್ರೆಯದು. ತಮ್ಮದೇ ಅಪೊಸ್ತಲರ ಕಾಲದ ಶುದ್ಧ ಬೋಧನೆ, ವಿಕ್ಟರನ ಕಾಲದವರೆಗೂ ಅದೇ ನಡೆದುಬಂದಿತ್ತು, ಜೆಫಿರೈನಸನ ಕಾಲದಿಂದ ಸತ್ಯಕ್ಕೆ ಕಲಬೆರಕೆ ತಗುಲಿತು, ಎಂದು ಅವರು ಹೇಳಿದರು. ಇದಕ್ಕೆ ಆ ಅನಾಮಧೇಯನು ಕೊಟ್ಟ ಉತ್ತರಗಳಲ್ಲಿ ಒಂದು ಸುಲಭವಾದದ್ದು: ಥಿಯೊಡೋಟಸನಿಗೆ ಬಹಿಷ್ಕಾರ ಹಾಕಿದವನೇ ವಿಕ್ಟರನಾಗಿರುವಾಗ ಅವನು ನಿಮ್ಮವನಾದದ್ದು ಹೇಗೆ ಎಂಬುದು. ಇನ್ನೊಂದು ಗಂಭೀರವಾದದ್ದು: ಆದಿಯಿಂದಲೂ ಭಕ್ತರು ರಚಿಸಿ ಹಾಡುತ್ತ ಬಂದಿರುವ ಹಾಡುಗಳಲ್ಲಿ ಕ್ರಿಸ್ತನನ್ನು ದೇವರೆಂದೇ ಸ್ತುತಿಸಿರುವುದು ನಿಮಗೆ ಕಾಣದೇ ಎಂಬುದು. ನನ್ನ ಮಟ್ಟಿಗೆ ದತ್ತಪುತ್ರವಾದಕ್ಕೆ ನಿಜವಾದ ತೊಡಕು ಇಲ್ಲಿಯೇ ಇದೆ. ಥಿಯೊಡೋಟಸನ ಹುಟ್ಟೂರಿಗೆ ಜಲಸಂಧಿಯ ಆಚೆಗೇ ಇರುವ ಬಿಥೂನ್ಯ ಪ್ರಾಂತದಿಂದ ಅಲ್ಲಿನ ಅಧಿಕಾರಿಯಾದ ಪ್ಲೀನಿಯು, ಸುಮಾರು 112ರಲ್ಲಿ, ಚಕ್ರವರ್ತಿ ಟ್ರಾಜನನಿಗೆ ಬರೆದ ಕಾಗದದಲ್ಲಿ, ಕ್ರೈಸ್ತರೆಂಬವರು ಗೊತ್ತಾದ ದಿನ ನಸುಕಿನಲ್ಲಿ ಕೂಡಿ ಕ್ರಿಸ್ತನನ್ನು ದೇವರಂತೆ ಭಾವಿಸಿ ಹಾಡುತ್ತಾರೆಂದು ತಿಳಿಸಿದ್ದಾನೆ. ಅವನಿಗೆ ಈ ಜಗಳದಲ್ಲಿ ಯಾವ ಪಕ್ಷವೂ ಇರಲಿಲ್ಲ. ಅದಕ್ಕೂ ಅರ್ಧ ಶತಮಾನದಷ್ಟು ಹಿಂದೆ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ, ದೇವಸ್ವರೂಪದಲ್ಲಿದ್ದವನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ತಾಳಿದ ವರ್ಣನೆ ಬರುತ್ತದೆ, ಮತ್ತು ಆ ಪತ್ರಿಕೆಯು ಮಾರ್ಕನ ಸುವಾರ್ತೆಗಿಂತ ಹಳೆಯದು. ಆದುದರಿಂದ, ಮೊದಲು ಮನುಷ್ಯನಾಗಿದ್ದ ಯೇಸುವನ್ನು ಕಾಲಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿಸಿದರು, ದತ್ತಪುತ್ರವಾದವು ಕೆಳಗಿನ ಮೆಟ್ಟಿಲು, ಎಂಬ ಅಂದವಾದ ಸಿದ್ಧಾಂತವು ಗ್ರಂಥಗಳ ಕಾಲಾನುಕ್ರಮಣಿಕೆಯ ಮುಂದೆ ನಿಲ್ಲಲಾರದು. ಎರಡು ಬಗೆಯ ಮಾತುಗಳೂ ಮೊದಲಿನಿಂದ ಇದ್ದುವು, ಕೆಲವು ವೇಳೆ ಒಂದೇ ಪೌಲನ ಲೇಖನಿಯಲ್ಲಿ ಇದ್ದುವು.

ಪೌಲನಲ್ಲಿಯೇ ಇರುವ ಮತ್ತೊಂದು ವಿಚಾರವು ಮುಂದೆ ನಿರ್ಣಾಯಕವಾಯಿತು. ದತ್ತಸ್ವೀಕಾರದ ಭಾಷೆಯನ್ನು ಅವನು ಬಳಸುವುದು ಭಕ್ತರ ವಿಷಯದಲ್ಲಿ: ದಾಸರಾಗಿದ್ದವರು ಮಕ್ಕಳ ಸ್ಥಾನವನ್ನು ಪಡೆದು ದೇವರನ್ನು ಅಪ್ಪಾ ಎಂದು ಕೂಗುವ ಅಧಿಕಾರಿಗಳಾಗುತ್ತಾರೆಂದು ರೋಮಾಪುರದವರಿಗೂ ಗಲಾತ್ಯದವರಿಗೂ ಅವನು ಬರೆದನು. ನಾಲ್ಕನೆಯ ಶತಮಾನದ ಅಥನೇಸಿಯಸನೇ ಮೊದಲಾದವರು ಇದನ್ನು ಹಿಡಿದು ಹೂಡಿದ ತರ್ಕವು ಹೀಗೆ. ನಾವೆಲ್ಲರೂ ದತ್ತಕರು, ನಮ್ಮನ್ನು ಆ ಮನೆಯೊಳಕ್ಕೆ ಕರೆದುಕೊಂಡು ಹೋಗುವವನು ಆ ಮನೆಯ ಸ್ವಂತ ಮಗನಾಗಿರಬೇಕು, ಅವನೂ ನಮ್ಮಂತೆ ಹೊರಗಿನಿಂದ ಬಂದವನಾದರೆ, ತನಗೆ ಕೃಪೆಯಿಂದ ದೊರೆತದ್ದನ್ನು ಅವನು ಇತರರಿಗೆ ಹಕ್ಕಿನಿಂದ ಹೇಗೆ ಹಂಚಿಯಾನು? ಈ ತರ್ಕದ ಬಿಗಿಯನ್ನು ಒಪ್ಪಲೇಬೇಕು. ಅದೇ ಕಾಲಕ್ಕೆ, ತನ್ನ ಸಾಧನೆಯಿಂದಲೇ ಮೇಲೇರಿದ, ಸೋಲಬಹುದಾಗಿದ್ದೂ ಸೋಲದ, ನಮ್ಮಂಥವನೇ ಆದ ಒಬ್ಬನು ಮುಂದೆ ನಡೆದುಹೋಗಿದ್ದಾನೆಂಬ ಧೈರ್ಯವನ್ನು ಥಿಯೊಡೋಟಸನ ಬೋಧನೆಯು ಕೊಡುತ್ತಿತ್ತೆಂಬುದೂ, ಅದನ್ನು ಕಳೆದುಕೊಂಡದ್ದರಲ್ಲಿ ನಷ್ಟವಿಲ್ಲದೆ ಇರಲಿಲ್ಲವೆಂಬುದೂ ನನಗೆ ಅಷ್ಟೇ ಸತ್ಯವಾಗಿ ತೋರುತ್ತದೆ.

ರೋಮಿನಲ್ಲಿ ಚರ್ಮಕಾರನ ಮನೆಯ ಮಾತಾಗಿದ್ದುದು ಮೂರನೆಯ ಶತಮಾನದಲ್ಲಿ ಅಂತಿಯೋಕ್ಯ ಪಟ್ಟಣದ ಬಿಷಪನ ಪೀಠವನ್ನೇ ಹತ್ತಿತು. ಸಮೊಸಾಟದ ಪೌಲನು ಸುಮಾರು 260ರಲ್ಲಿ ಅಲ್ಲಿ ಬಿಷಪನಾದನು. ಯೇಸುವು ಕೆಳಗಿನಿಂದ ಬಂದವನು, ದೇವರ ವಾಕ್ಯವು ಗುಡಿಯಲ್ಲಿ ನೆಲಸುವಂತೆ ಅವನಲ್ಲಿ ನೆಲಸಿತು, ಎಂಬುದು ಅವನ ಮತದ ಸಾರ. ಸಾರವೆಂದರೂ ಅದು ಶತ್ರುಗಳ ಪಾತ್ರೆಯಲ್ಲಿ ನಮಗೆ ಸಿಕ್ಕಿರುವ ಸಾರ. ಅವನ ವಿರುದ್ಧ ಸೇರಿದ ಬಿಷಪರು ಹೊರಡಿಸಿದ ಪತ್ರದಲ್ಲಿ ದೇವಶಾಸ್ತ್ರಕ್ಕಿಂತ ಅವನ ದರ್ಬಾರಿನ ವರ್ಣನೆಯೇ ಹೆಚ್ಚು: ಬಡವನಾಗಿದ್ದವನು ಐಶ್ವರ್ಯವಂತನಾದದ್ದು, ಬಿಷಪನೆನ್ನಿಸಿಕೊಳ್ಳುವುದಕ್ಕಿಂತ ಸರಕಾರಿ ಅಧಿಕಾರದ ಬಿರುದಿನಿಂದ ಕರೆಯಿಸಿಕೊಳ್ಳುವುದೇ ಅವನಿಗೆ ಇಷ್ಟವಾದದ್ದು, ಎತ್ತರದ ಸಿಂಹಾಸನ ಹಾಕಿಸಿಕೊಂಡದ್ದು, ಬೋಧಿಸುವಾಗ ತೊಡೆ ತಟ್ಟಿ ಕಾಲಿನಿಂದ ವೇದಿಕೆಯನ್ನು ಒದೆಯುತ್ತಿದ್ದುದು, ನಾಟಕಶಾಲೆಯಲ್ಲಿರುವಂತೆ ಸಭಿಕರು ವಸ್ತ್ರ ಬೀಸಿ ಕೂಗದಿದ್ದರೆ ಸಿಡುಕುತ್ತಿದ್ದುದು, ಕ್ರಿಸ್ತನ ಮೇಲಣ ಹಾಡುಗಳು ಹೊಸಗಾಲದವೆಂದು ನಿಲ್ಲಿಸಿ ಈಸ್ಟರ್ ದಿನ ಸ್ತ್ರೀಯರಿಂದ ತನ್ನ ಮೇಲೆಯೇ ಹಾಡಿಸಿದ್ದು. ಹಾಡುಗಳನ್ನು ನಿಲ್ಲಿಸಿದನೆಂಬುದು ನಿಜವಾದರೆ, ತನ್ನ ಮತಕ್ಕೆ ಅಡ್ಡಿಯೆಲ್ಲಿದೆಯೆಂಬುದನ್ನು ಪೌಲನು ಚೆನ್ನಾಗಿ ಬಲ್ಲವನೇ ಎನ್ನಬೇಕು.

ಪರಿಷತ್ತುಗಳು ಒಂದಾದ ಮೇಲೊಂದು ಸೇರಿದರೂ ಅವನು ಮಾತಿನಲ್ಲಿ ನುಸುಳಿಕೊಳ್ಳುತ್ತಿದ್ದನು. ಕೊನೆಗೆ 268ರ ಪರಿಷತ್ತಿನಲ್ಲಿ, ಆ ಊರಿನ ಅಲಂಕಾರಶಾಸ್ತ್ರದ ಪಾಠಶಾಲೆಯ ಮುಖ್ಯಸ್ಥನೂ ಪಾದ್ರಿಯೂ ಆದ ಮಾಲ್ಕಿಯನ್ ಎಂಬುವನು ಶೀಘ್ರಲಿಪಿಕಾರರನ್ನು ಕೂರಿಸಿಕೊಂಡು ಅವನೊಡನೆ ವಾದಿಸಿ, ಅವನ ಮಾತಿನಿಂದಲೇ ಅವನನ್ನು ಕಟ್ಟಿಹಾಕಿದನು. ಪೌಲನನ್ನು ಪೀಠದಿಂದ ಇಳಿಸಿ ಡೊಮ್ನಸ್ ಎಂಬುವನನ್ನು ಅಲ್ಲಿ ಕುಳ್ಳಿರಿಸಿದರು. ಈ ಡೊಮ್ನಸನು ಹಿಂದಿನ ಬಿಷಪನಾದ ಡೆಮೆಟ್ರಿಯನನ ಸ್ವಂತ ಮಗ. ದತ್ತಕವನ್ನು ಪ್ರತಿಪಾದಿಸಿದವನನ್ನು ಇಳಿಸಿದ ಪೀಠಕ್ಕೆ ಔರಸನೊಬ್ಬನು ಬಂದದ್ದನ್ನು ಅಲ್ಲಿದ್ದವರಲ್ಲಿ ಯಾರಾದರೂ ನಗುತ್ತ ಗಮನಿಸಿದರೋ ಏನೋ. ಪೌಲನು ಮಾತ್ರ ಇಗರ್ಜಿಯ ಕಟ್ಟಡವನ್ನು ಬಿಟ್ಟುಕೊಡಲಿಲ್ಲ. ಅಂತಿಯೋಕ್ಯವು ಪಾಲ್ಮೈರದ ರಾಣಿ ಜೆನೋಬಿಯಳ ವಶದಲ್ಲಿದ್ದಷ್ಟು ಕಾಲ ಅವನನ್ನು ಅಲುಗಿಸುವುದಾಗಲಿಲ್ಲ; 272ರಲ್ಲಿ ಚಕ್ರವರ್ತಿ ಔರೇಲಿಯನನು ಊರನ್ನು ಗೆದ್ದ ಬಳಿಕ ಬಿಷಪರು ಅವನಲ್ಲಿ ಅಹವಾಲು ಹೇಳಿಕೊಂಡರು. ಸೂರ್ಯದೇವನ ಉಪಾಸಕನಾದ ಆ ಚಕ್ರವರ್ತಿಯು, ಇಟಲಿಯ ಮತ್ತು ರೋಮಿನ ಬಿಷಪರು ಯಾರೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದಾರೋ ಅವರಿಗೆ ಕಟ್ಟಡ ಸೇರತಕ್ಕದ್ದೆಂದು ತೀರ್ಪುಕೊಟ್ಟನು. ಯೇಸು ಯಾವಾಗ ಮಗನಾದನೆಂಬ ಪ್ರಶ್ನೆಯು ಹೀಗೆ ಸ್ವಾಧೀನದ ವ್ಯಾಜ್ಯವಾಗಿ ಮುಗಿಯಿತು.

ಆ ಪರಿಷತ್ತು ಒಂದು ವಿಚಿತ್ರವಾದ ಉಳಿಕೆಯನ್ನು ಬಿಟ್ಟುಹೋಯಿತು. ತಂದೆಗೂ ಮಗನಿಗೂ ಏಕಸತ್ತ್ವವೆಂದು ಹೇಳುವ ಪದವನ್ನು ಪೌಲನು ಹೇಗೋ ಬಳಸಿದನೆಂದು ಅಲ್ಲಿ ಅದನ್ನು ತಿರಸ್ಕರಿಸಿದರೆಂದು ಹೇಳುತ್ತಾರೆ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಕರೆದ ನೈಸೀಯ ಪರಿಷತ್ತು, ಅಲೆಕ್ಸಾಂಡ್ರಿಯದ ಏರಿಯಸನನ್ನು ಖಂಡಿಸಲು ಅದೇ ಪದವನ್ನು ವಿಶ್ವಾಸಪ್ರಮಾಣದ ನಡುವೆ ಕೂರಿಸಿತು. ಏರಿಯಸನದು ದತ್ತಪುತ್ರವಾದವಲ್ಲ, ಮಗನು ಲೋಕಗಳಿಗೂ ಹಿಂದೆಯೇ ಇದ್ದವನೆಂದು ಅವನು ಒಪ್ಪಿದ್ದನು, ಸೃಷ್ಟನೆಂದು ಮಾತ್ರ ಹೇಳುತ್ತಿದ್ದನು. ಆದರೂ ಅವನ ಬಿಷಪನಾದ ಅಲೆಕ್ಸಾಂಡರನು ಅವನನ್ನು ಸಮೊಸಾಟದ ಪೌಲನ ಪರಂಪರೆಗೇ ಸೇರಿಸಿ ದೂರಿದನು. ಆ ದೀರ್ಘ ಕಲಹದ ಕಥೆ ಬೇರೆ. ಇಲ್ಲಿಗೆ ಬೇಕಾದದ್ದು ಇಷ್ಟೆ: ನೈಸೀಯದ ಹತ್ತೊಂಬತ್ತನೆಯ ನಿಯಮವು, ಪೌಲನ ಪಂಗಡವನ್ನು ಬಿಟ್ಟು ಬರುವವರಿಗೆ ಮತ್ತೆ ದೀಕ್ಷಾಸ್ನಾನವಾಗಬೇಕೆಂದು ವಿಧಿಸಿತು, ಎಂದರೆ ಐವತ್ತು ವರ್ಷಗಳಾದ ಮೇಲೂ ಬಿಟ್ಟು ಬರುವುದಕ್ಕೆ ಜನ ಉಳಿದಿದ್ದರು.

ಇನ್ನು ಎಂಟನೆಯ ಶತಮಾನದ ಸ್ಪೇನಿಗೆ ಬರೋಣ. 711ರಿಂದೀಚೆಗೆ ಮುಸಲ್ಮಾನ ಅರಸರ ಆಳಿಕೆಯಲ್ಲಿದ್ದ ಟೊಲೇಡೊ ಪಟ್ಟಣದ ಆರ್ಚ್‌ಬಿಷಪ್ ಎಲಿಪಾಂಡಸನು ವಯಸ್ಸಿನಲ್ಲಿಯೂ ಪದವಿಯಲ್ಲಿಯೂ ಅಭಿಮಾನದಲ್ಲಿಯೂ ದೊಡ್ಡವನು. ತ್ರಿತ್ವವೆಂದರೆ ದಾವೀದ, ಯೇಸು, ಪೌಲ ಈ ಮೂವರೇ ಎಂದು ಸಾರುತ್ತಿದ್ದ ಮಿಗೇಟಿಯಸನೆಂಬ ಒಬ್ಬ ವಿಲಕ್ಷಣ ಬೋಧಕನನ್ನು ಖಂಡಿಸುತ್ತ, ಅವನು ದೈವವನ್ನೂ ಮಾನುಷವನ್ನೂ ಸೂಕ್ಷ್ಮವಾಗಿ ವಿಂಗಡಿಸಿ ಹೇಳಬೇಕಾಯಿತು: ದೇವತ್ವದ ದೃಷ್ಟಿಯಿಂದ ಕ್ರಿಸ್ತನು ಸ್ವಭಾವತಃ ಪುತ್ರನು, ಆದರೆ ತನ್ನನ್ನು ಬರಿದುಮಾಡಿಕೊಂಡು ತಾಳಿದ ಮನುಷ್ಯತ್ವದ ದೃಷ್ಟಿಯಿಂದ, ಅನೇಕ ದತ್ತ ಸಹೋದರರಲ್ಲಿ ಹಿರಿಯವನಾಗಿ, ಅವನೂ ದತ್ತಪುತ್ರನು. ಥಿಯೊಡೋಟಸನ ಮತಕ್ಕೂ ಇದಕ್ಕೂ ಹೆಸರೊಂದೇ ಸಮಾನ. ಎಲಿಪಾಂಡಸನ ಕ್ರಿಸ್ತನು ಯಾವ ದಿನವೂ ದೇವನಾಗಬೇಕಾದವನಲ್ಲ, ಅನಾದಿಯಿಂದ ದೇವನೇ. ಬಳಸಿದ ಪದವೂ ಸ್ಪೇನಿನ ಹಳೆಯ ಆರಾಧನಾಪದ್ಧತಿಯ ಪ್ರಾರ್ಥನೆಗಳಲ್ಲಿ ಬರುತ್ತದೆಂದು ಅವನು ವಾದಿಸಿದನು. ಎರಡನ್ನೂ ಒಂದೇ ತಲೆಬರಹದ ಕೆಳಗೆ ಹಾಕುವ ಪಠ್ಯಪುಸ್ತಕಗಳು ಎಲಿಪಾಂಡಸನಿಗೆ ಅನ್ಯಾಯ ಮಾಡುತ್ತವೆಂದು ಈಚಿನ ಸಂಶೋಧಕರಲ್ಲಿ ಹಲವರು ಹೇಳುತ್ತಾರೆ. ನಾನೂ ಆ ಪಕ್ಷದವನೇ.

ಉತ್ತರದ ಬೆಟ್ಟಗಾಡಿನ ಲಿಯೇಬಾನದಿಂದ ಬೆಯಾಟಸ್ ಎಂಬ ಸಂನ್ಯಾಸಿಯೂ ಓಸ್ಮದ ಬಿಷಪ್ ಎಥೀರಿಯಸನೂ ಕೂಡಿ 785ರಲ್ಲಿ ಇದಕ್ಕೆ ಪ್ರತಿಭಟಿಸಿ ಬರೆದರು. ಎಲಿಪಾಂಡಸನ ಕೋಪವು ಸಿದ್ಧಾಂತದ ಮೇಲೆ ಎಷ್ಟೋ ಅಷ್ಟೇ ಊರಿನ ಮೇಲೂ ಹರಿಯಿತು: ಲಿಯೇಬಾನದವರು ಟೊಲೇಡೊದವರಿಗೆ ಪಾಠ ಹೇಳುವುದೆಂದರೇನು, ಇಂಥದು ಎಂದಾದರೂ ಕೇಳಿದ್ದುಂಟೇ ಎಂಬ ಧಾಟಿಯಲ್ಲಿ ಅವನು ಒಂದು ಕಾಗದ ಬರೆದನು. ರಾಜಧಾನಿಯ ಪಂಡಿತನು ಹಳ್ಳಿಯ ಪಂಡಿತನನ್ನು ಕಂಡು ಮೂಗು ಮುರಿಯುವುದರಲ್ಲಿ ಹೊಸತೇನೂ ಇಲ್ಲ. ಈ ಜಗಳವು ಅಲ್ಲಿಗೇ ನಿಂತು ಬಿಡುತ್ತಿತ್ತೋ ಏನೋ. ಆದರೆ ಎಲಿಪಾಂಡಸನ ಪಕ್ಷವನ್ನು ಪಿರೆನೀಸ್ ಬೆಟ್ಟಗಳ ಉರ್ಜೆಲಿನ ಬಿಷಪ್ ಫೆಲಿಕ್ಸನು ವಹಿಸಿದನು, ಮತ್ತು ಉರ್ಜೆಲ್ ಆಗ ತಾನೇ ಫ್ರಾಂಕರ ಅರಸ ಶಾರ್ಲಮೇನನ ರಾಜ್ಯಕ್ಕೆ ಸೇರಿತ್ತು. ತನ್ನ ಎಲ್ಲೆಯೊಳಗೆ ತಪ್ಪು ಬೋಧನೆ ನಡೆಯುವುದನ್ನು ಸಹಿಸುವ ಅರಸು ಅವನಲ್ಲ. 792ರಲ್ಲಿ ರೇಗನ್ಸ್‌ಬರ್ಗಿಗೆ ಕರೆಸಿ ಫೆಲಿಕ್ಸನಿಂದ ಮಾತನ್ನು ಹಿಂತೆಗೆದುಕೊಳ್ಳಿಸಿ, ರೋಮಿಗೆ ಕಳುಹಿಸಿ ಪೋಪ್ ಏಡ್ರಿಯನನ ಮುಂದೆ ಮತ್ತೊಮ್ಮೆ ಹಿಂತೆಗೆದುಕೊಳ್ಳಿಸಿದರು. ಊರಿಗೆ ಮರಳಿದ ಫೆಲಿಕ್ಸನು ಮುಸಲ್ಮಾನರ ಸೀಮೆಗೆ ಓಡಿಹೋಗಿ ಹಳೆಯ ಮಾತನ್ನೇ ಮತ್ತೆ ಹಿಡಿದನು.

794ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಶಾರ್ಲಮೇನನು ದೊಡ್ಡ ಪರಿಷತ್ತನ್ನು ನೆರೆಸಿದನು. ಅದರ ನಿರ್ಣಯಗಳ ಪಟ್ಟಿ ಇಂದಿಗೂ ಉಳಿದಿದೆ. ಮೊದಲನೆಯ ನಿರ್ಣಯವು ಎಲಿಪಾಂಡಸನ ಮತ್ತು ಫೆಲಿಕ್ಸನ ದತ್ತಪುತ್ರವಾದದ ಖಂಡನೆ. ಎರಡನೆಯದು ಗ್ರೀಕರ ವಿಗ್ರಹಾರಾಧನೆಯ ಖಂಡನೆ. ಮೂರನೆಯದು ಪದಚ್ಯುತನಾದ ಬವೇರಿಯದ ಟಾಸಿಲೊ ಬಂದು ಕ್ಷಮೆ ಬೇಡಿದ ವಿಷಯ. ನಾಲ್ಕನೆಯದಕ್ಕೆ ಬಂದರೆ ಧಾನ್ಯದ ಧಾರಣೆ, ಒಂದು ದಿನಾರಿಗೆ ಎರಡೆರಡು ಪೌಂಡು ತೂಕದ ಹನ್ನೆರಡು ಗೋಧಿ ರೊಟ್ಟಿಗಳನ್ನು ಮಾರತಕ್ಕದ್ದೆಂದು. ದೇವಪುತ್ರನ ಸ್ವರೂಪಕ್ಕೂ ರೊಟ್ಟಿಯ ತೂಕಕ್ಕೂ ಒಂದೇ ಕೂಟದಲ್ಲಿ ಒಂದೇ ಮುದ್ರೆ ಬಿದ್ದುದನ್ನು ನೋಡಿ ನಗುವುದು ಸುಲಭ; ಆ ಅರಸನಿಗಾದರೋ ಅಳತೆ ತಪ್ಪಿದ ರೊಟ್ಟಿ, ಅಳತೆ ತಪ್ಪಿದ ಬೋಧನೆ ಎರಡೂ ಪ್ರಜೆಗಳಿಗೆ ಮಾಡುವ ಮೋಸವೇ ಆಗಿದ್ದಿರಬೇಕು. ಸ್ಪೇನಿನವರು ತಮ್ಮ ಹಿರಿಯರ ಪ್ರಾರ್ಥನೆಗಳನ್ನು ಆಧಾರವಾಗಿ ತೋರಿಸಿದ್ದಕ್ಕೆ ಫ್ರಾಂಕ್ ಬಿಷಪರು ಕೊಟ್ಟ ಉತ್ತರದಲ್ಲಿ, ಅಂಥ ಹಿರಿಯರನ್ನು ಪಡೆದ ನೀವು ಅನ್ಯಧರ್ಮೀಯರ ಕೈಗೆ ಸಿಕ್ಕಿದ್ದರಲ್ಲಿ ಆಶ್ಚರ್ಯವೇನೆಂಬ ಭಾವದ ಚುಚ್ಚುಮಾತೂ ಸೇರಿತ್ತು. ಪರಾಧೀನತೆಯಲ್ಲಿ ಬದುಕುವವರನ್ನು ಅವರ ಪರಾಧೀನತೆಯಿಂದಲೇ ಹೀಯಾಳಿಸುವುದು ಸಜ್ಜನರ ಮಾತಲ್ಲ.

ಅರಸನ ಆಸ್ಥಾನದ ಮಹಾಪಂಡಿತ ಆಲ್ಕ್ವಿನನು ಫೆಲಿಕ್ಸನ ವಿರುದ್ಧ ಏಳು ಪುಸ್ತಕಗಳನ್ನೂ ಎಲಿಪಾಂಡಸನ ವಿರುದ್ಧ ನಾಲ್ಕನ್ನೂ ಬರೆದನು. ಅವನ ಮುಖ್ಯ ಆಕ್ಷೇಪಣೆಯು ಪೋಪನದೇ: ಒಬ್ಬ ವ್ಯಕ್ತಿಯು ಒಬ್ಬ ತಂದೆಗೆ ಸ್ವಭಾವದಿಂದಲೂ ದತ್ತಕದಿಂದಲೂ ಮಗನಾಗುವುದೆಂತು, ಹಾಗೆಂದರೆ ಇಬ್ಬರು ಮಕ್ಕಳಾದಂತಾಯಿತು, ಇದು 431ರಲ್ಲಿ ಖಂಡಿತವಾದ ನೆಸ್ಟೋರಿಯಸನ ಮತವೇ ಆಯಿತು, ಎಂದು. ಪುತ್ರತ್ವವು ವ್ಯಕ್ತಿಗೆ ಸೇರಿದ್ದು, ಸ್ವಭಾವಕ್ಕೆ ಸೇರಿದ್ದಲ್ಲವೆಂಬ ಈ ಯುಕ್ತಿಯು ತರ್ಕದ ದೃಷ್ಟಿಯಿಂದ ಗಟ್ಟಿಯಾದದ್ದೇ. ಆದರೆ ಎಂಬತ್ತೆರಡು ತುಂಬಿದ್ದ ಎಲಿಪಾಂಡಸನು ಮಣಿಯಲಿಲ್ಲ. ಇಪ್ಪತ್ತು ಸಾವಿರ ಜೀತದಾಳುಗಳ ಒಡೆಯನೆಂದು ಆಲ್ಕ್ವಿನನ ಐಶ್ವರ್ಯವನ್ನು ಹಂಗಿಸಿ, ಅವನನ್ನೇ ಹೊಸ ಏರಿಯಸನೆಂದು ಕರೆದು ಕಾಗದ ಬರೆದನು. ತನ್ನ ಸ್ವಂತಕ್ಕಾಗಿ ತಾನು ಒಬ್ಬ ಆಳನ್ನೂ ಕೊಂಡವನಲ್ಲವೆಂದು ಆಲ್ಕ್ವಿನನು ಸಮಾಧಾನ ಹೇಳಬೇಕಾಯಿತು. ಟೊಲೇಡೊದಲ್ಲಿ ಶಾರ್ಲಮೇನನ ಆಜ್ಞೆ ನಡೆಯದಾದುದರಿಂದ ಎಲಿಪಾಂಡಸನನ್ನು ಪೀಠದಿಂದ ಇಳಿಸುವುದು ಯಾರಿಂದಲೂ ಸಾಧ್ಯವಾಗಲಿಲ್ಲ. ಮುಸಲ್ಮಾನ ಅಮೀರನ ರಾಜ್ಯದಲ್ಲಿದ್ದವನಿಗೆ ದೊರೆತ ಈ ಸ್ವಾತಂತ್ರ್ಯವು ಕ್ರೈಸ್ತ ಅರಸನ ರಾಜ್ಯದಲ್ಲಿದ್ದ ಫೆಲಿಕ್ಸನಿಗೆ ದೊರೆಯಲಿಲ್ಲ.

ಫೆಲಿಕ್ಸನು 799ರಲ್ಲಿ ಆಖೆನ್ ಅರಮನೆಯಲ್ಲಿ ಶಾರ್ಲಮೇನನ ಸಮ್ಮುಖದಲ್ಲಿ ಆಲ್ಕ್ವಿನನೊಡನೆ ಸೋಮವಾರದಿಂದ ಶನಿವಾರದವರೆಗೆ ವಾದಿಸಿ ಸೋಲನ್ನೊಪ್ಪಿಕೊಂಡನು. ತನ್ನ ಊರಿನ ಪಾದ್ರಿಗಳಿಗೆ ತಪ್ಪೊಪ್ಪಿಗೆಯ ಪತ್ರವನ್ನು ಬರೆದನು. ಆದರೂ ಅವನನ್ನು ಊರಿಗೆ ಕಳುಹಿಸಲಿಲ್ಲ. ಲಿಯೋನಿನ ಬಿಷಪನ ಕಾವಲಿನಲ್ಲಿರಿಸಿದರು, ಮತ್ತು ಅಲ್ಲಿಯೇ ಅವನು ಸುಮಾರು ಇಪ್ಪತ್ತು ವರ್ಷ ಕಳೆದು 818ರಲ್ಲಿ ತೀರಿಕೊಂಡನು. ಆಗ ಆ ಪೀಠದಲ್ಲಿದ್ದ ಬಿಷಪ್ ಅಗೊಬಾರ್ಡನಿಗೆ ಸತ್ತವನು ಬಿಟ್ಟುಹೋದ ಒಂದು ಬರಹ ಸಿಕ್ಕಿತು; ಪ್ರಶ್ನೋತ್ತರಗಳ ರೂಪದಲ್ಲಿದ್ದ ಆ ಬರಹದಲ್ಲಿ ಫೆಲಿಕ್ಸನು ತನ್ನ ಹಳೆಯ ಮತವನ್ನೇ ಎಚ್ಚರಿಕೆಯ ಮಾತುಗಳಲ್ಲಿ ಮತ್ತೆ ಹೇಳಿದ್ದನು. ಅಗೊಬಾರ್ಡನು ಕುಳಿತು ಅದಕ್ಕೊಂದು ಖಂಡನಗ್ರಂಥವನ್ನು ಬರೆದು ಶಾರ್ಲಮೇನನ ಮಗನಾದ ಚಕ್ರವರ್ತಿ ಲೂಯಿಗೆ ಅರ್ಪಿಸಿದನು.